ಒಂದು ತಾಸು ಮೊದಲೇ ದಡ ಸೇರಿದ ನಟ: ಅಲೆಕ್ ಗಿನ್ನೆಸ್ ಆತ್ಮಕಥನದ ನೌಕಾಪಡೆಯ ಪುಟಗಳು

ಇಂಗ್ಲಿಷ್ ಚಿತ್ರಗಳನ್ನು ನೋಡುವ ಕನ್ನಡಿಗರಿಗೆ ಅಲೆಕ್ ಗಿನ್ನೆಸ್ ಅವರ ಮುಖ ಹೊಸದಲ್ಲ. ‘ದ ಬ್ರಿಡ್ಜ್ ಆನ್ ದ ರಿವರ್ ಕ್ವಾಯ್’ ಚಿತ್ರದಲ್ಲಿ ಜಪಾನಿಯರ ಸೆರೆಶಿಬಿರದಲ್ಲಿದ್ದುಕೊಂಡೇ ಶತ್ರುವಿಗಾಗಿ ಅಚ್ಚುಕಟ್ಟಾದ ಸೇತುವೆಯನ್ನು ಕಟ್ಟಿಸುವ ಕರ್ನಲ್ ನಿಕಲ್ಸನ್ ಆಗಿ ಅವರನ್ನು ಹಿರಿಯರು ನೆನೆದರೆ, ಕಿರಿಯರು ‘ಸ್ಟಾರ್ ವಾರ್ಸ್’ ಚಿತ್ರದ ಗಡ್ಡದ ಗುರುವಾಗಿ ನೆನೆಯುತ್ತಾರೆ. ಬೆಂಗಳೂರಿನವರಿಗೆ ಇನ್ನೊಂದು ನೆನಪೂ ಇದೆ: 1984ರಲ್ಲಿ ತೆರೆಕಂಡ ‘ಎ ಪ್ಯಾಸೇಜ್ ಟು ಇಂಡಿಯಾ’ ಚಿತ್ರಕ್ಕಾಗಿ ಅರಮನೆ ಮೈದಾನದಲ್ಲಿ ಊರೊಂದರ ಸೆಟ್ ಎದ್ದಿತ್ತು, ರಾಮನಗರ ಮತ್ತು ಸಾವನದುರ್ಗದ ಬಂಡೆಗಳು ಕಥೆಯ ಗುಹೆಗಳಿಗೆ ಹಿನ್ನೆಲೆಯಾಗಿದ್ದವು, ಅದರಲ್ಲಿ ಗಿನ್ನೆಸ್ ಅವರು ಪ್ರೊಫೆಸರ್ ಗೋಡಬೋಲೆಯ ಪಾತ್ರ ಮಾಡಿದ್ದರು. ಆ ಪಾತ್ರವನ್ನು ಭಾರತೀಯ ನಟನೊಬ್ಬನಿಗೆ ಕೊಡಬೇಕಿತ್ತು ಎಂಬ ಆಕ್ಷೇಪ ನ್ಯಾಯವಾದುದೇ ಎಂದು ನಾನೂ ನಂಬುತ್ತೇನೆ. ಆದರೆ ಆ ಚಿತ್ರ ಬಂದ ಮರುವರ್ಷ, ಎಂದರೆ 1985ರಲ್ಲಿ, ಹ್ಯಾಮಿಶ್ ಹ್ಯಾಮಿಲ್ಟನ್ ಪ್ರಕಾಶನದಿಂದ ಹೊರಬಂದ ಅವರ ಆತ್ಮಕಥನ ‘ಬ್ಲೆಸಿಂಗ್ಸ್ ಇನ್ ಡಿಸ್‌ಗೈಸ್’ ಓದಿದ ಮೇಲೆ ನನಗೆ ಬೇರೆಯೇ ಒಬ್ಬ ಗಿನ್ನೆಸ್ ಪರಿಚಯವಾದರು. ಅವರು ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ನೌಕಾಪಡೆಯ ಲೆಫ್ಟಿನೆಂಟ್ ಆಗಿದ್ದವರು, ಇನ್ನೂ ಮೂವತ್ತು ತುಂಬದ ಹೊತ್ತಿಗೆ ಒಂದು ನೌಕೆಯನ್ನೂ ಅದರಲ್ಲಿದ್ದ ಜೀವಗಳನ್ನೂ ಹೊತ್ತು ಶತ್ರುವಿನ ದಡಕ್ಕೆ ನುಗ್ಗಿದವರು. ಈ ವಿಮರ್ಶೆ ಮುಖ್ಯವಾಗಿ ಆ ಪುಟಗಳನ್ನು ಕುರಿತದ್ದು, ಏಕೆಂದರೆ ಇಡೀ ಪುಸ್ತಕದ ಬೆಲೆ ಆ ಪುಟಗಳಿಂದಲೇ ಸಂದಾಯವಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಪುಸ್ತಕದ ಸ್ವರೂಪವನ್ನು ಮೊದಲು ತಿಳಿದುಕೊಂಡರೆ ಕೊಂಡವರಿಗೆ ನಿರಾಸೆಯಾಗದು. ಹುಟ್ಟಿನಿಂದ ಮುಪ್ಪಿನವರೆಗೆ ಸಾಲಾಗಿ ನಡೆಯುವ ಜೀವನಚರಿತ್ರೆ ಇದಲ್ಲ. ಲೇಖಕರು ತಮ್ಮ ಅಹಂಕಾರವನ್ನೇ ಒಂದು ಪಾತ್ರದಂತೆ ರಂಗಕ್ಕೆ ಕರೆಸಿ ಆರಂಭಿಸುತ್ತಾರೆ, ಆಮೇಲೆ ತಾವು ಬದಿಗೆ ಸರಿದು ತಮ್ಮನ್ನು ರೂಪಿಸಿದ ಇತರರಿಗೆ ಬೆಳಕು ಬಿಡುತ್ತಾರೆ. ಹೆಚ್ಚಿನ ಅಧ್ಯಾಯಗಳು ಜಾನ್ ಗೀಲ್‌ಗುಡ್, ಈಡಿತ್ ಇವಾನ್ಸ್, ಟೈರೋನ್ ಗತ್ರಿ ಮುಂತಾದ ರಂಗಭೂಮಿಯ ವ್ಯಕ್ತಿಗಳ ಸುತ್ತ ಹೆಣೆದವು. ತಂದೆಯ ಹೆಸರಿಲ್ಲದ ಜನನಪತ್ರ, ಹದಿನಾಲ್ಕು ತುಂಬುವ ಮೊದಲೇ ಬದಲಾದ ಮೂರು ಕುಲನಾಮಗಳು, ಊರಿಂದೂರಿಗೆ ಅಲೆಸಿದ ತಾಯಿ, ಹೀಗೆ ಬೇರೆಯವರಾದರೆ ನೂರು ಪುಟ ಮರುಗುತ್ತಿದ್ದ ಬಾಲ್ಯವನ್ನು ಅವರು ಕಣ್ಣೀರಿಲ್ಲದೆ ಹೇಳಿ ಮುಗಿಸುತ್ತಾರೆ. ಯುದ್ಧದ ಭಾಗವನ್ನು ಓದುವಾಗ ಈ ಸ್ವಭಾವವನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ತನ್ನನ್ನು ದೊಡ್ಡವನನ್ನಾಗಿ ತೋರಿಸಿಕೊಳ್ಳಲು ಒಪ್ಪದ ಮನುಷ್ಯ ಸಮರವನ್ನು ವಿವರಿಸಿದಾಗ, ಎಷ್ಟೋ ದೊಡ್ಡ ಸಂಗತಿಗಳು ಒಂದೊಂದು ವಾಕ್ಯದಲ್ಲಿ ಕಳೆದುಹೋಗುವ ಅಪಾಯವಿರುತ್ತದೆ.

ಯುದ್ಧ ಶುರುವಾದಾಗ ಗಿನ್ನೆಸ್ ಅವರಿಗೆ ಇಪ್ಪತ್ತೈದು ವರ್ಷ. ಲಂಡನ್ನಿನ ಓಲ್ಡ್ ವಿಕ್ ರಂಗಮಂದಿರದಲ್ಲಿ, ಈಗಿನ ಕಾಲದ ಉಡುಪು ತೊಡಿಸಿ ಆಡಿದ ‘ಹ್ಯಾಮ್ಲೆಟ್’ ನಾಟಕದ ನಾಯಕನಾಗಿ ಆಗಲೇ ಅಭಿನಯಿಸಿದ್ದರು. 1940ರಲ್ಲಿ ಮಗ ಹುಟ್ಟಿದ್ದ. 1941ರಲ್ಲಿ ಅವರು ನೌಕಾಪಡೆಯನ್ನು ಸೇರಿದ್ದು ಅಧಿಕಾರಿಯಾಗಿ ಅಲ್ಲ, ಅತ್ಯಂತ ಕೆಳದರ್ಜೆಯ ನಾವಿಕನಾಗಿ. ಮುಂದಿನ ವರ್ಷ, 1942ರ ಏಪ್ರಿಲ್ 30ರಂದು, ರಾಯಲ್ ನೇವಲ್ ವಾಲಂಟಿಯರ್ ರಿಸರ್ವ್ ಎಂಬ ಸ್ವಯಂಸೇವಕ ಮೀಸಲು ಪಡೆಯಲ್ಲಿ ತಾತ್ಕಾಲಿಕ ಸಬ್ ಲೆಫ್ಟಿನೆಂಟ್ ಹುದ್ದೆ ದೊರೆಯಿತು, ಅದರ ಮರುವರ್ಷ ಲೆಫ್ಟಿನೆಂಟ್ ಆದರು. ಈ ಮೀಸಲು ಪಡೆಯ ಅಧಿಕಾರಿಗಳ ತೋಳಿನ ಮೇಲಿನ ಚಿನ್ನದ ಪಟ್ಟಿಗಳು ಖಾಯಂ ಅಧಿಕಾರಿಗಳ ಪಟ್ಟಿಗಳಂತೆ ನೇರವಾಗಿರದೆ ಅಲೆಯಂತೆ ಬಳುಕಿರುತ್ತಿದ್ದುದರಿಂದ ಜನ ಅವರನ್ನು ಅಲೆಪಟ್ಟಿಯ ನೌಕಾಪಡೆ ಎಂಬರ್ಥದಲ್ಲಿ ಕರೆಯುತ್ತಿದ್ದರು. ವಕೀಲರು, ಶಿಕ್ಷಕರು, ಗುಮಾಸ್ತರು, ನಟರು ಎಲ್ಲರೂ ಕೆಲವೇ ತಿಂಗಳ ತರಬೇತಿಯಲ್ಲಿ ಹಡಗು ನಡೆಸಲು ಕಲಿತ ಆ ವರ್ಷಗಳಲ್ಲಿ, ಬ್ರಿಟನ್ನಿನ ಸಣ್ಣ ಯುದ್ಧನೌಕೆಗಳಲ್ಲಿ ಬಹುಪಾಲು ಇಂಥವರ ಕೈಯಲ್ಲೇ ಇದ್ದವು.

ಗಿನ್ನೆಸ್ ಅವರ ಪಾಲಿಗೆ ಬಂದದ್ದು ಎಲ್‌ಸಿಐ(ಎಲ್) 124 ಎಂಬ ಸಂಖ್ಯೆಯ, ಹೆಸರೇ ಇಲ್ಲದ ನೌಕೆ. ಕಾಲಾಳುಗಳನ್ನು ನೇರವಾಗಿ ಮರಳಿನ ದಂಡೆಗೆ ಇಳಿಸುವ ಈ ಬಗೆಯ ನೌಕೆಗಳು ಅಮೆರಿಕದಲ್ಲಿ ತಯಾರಾಗುತ್ತಿದ್ದುದರಿಂದ ಅದನ್ನು ವಹಿಸಿಕೊಳ್ಳಲು ಅವರು ಅಟ್ಲಾಂಟಿಕ್ ದಾಟಿ ಹೋಗಬೇಕಾಯಿತು. ನೌಕೆ ಸಿದ್ಧವಾಗುವವರೆಗಿನ ಕಾಯುವಿಕೆಯಲ್ಲಿ ನಡೆದದ್ದು ಪುಸ್ತಕದ ಅತ್ಯಂತ ವಿಚಿತ್ರವಾದ ಪ್ರಸಂಗ: ರಜೆ ಪಡೆದು ಅವರು ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಯಲ್ಲಿ ಟೆರೆನ್ಸ್ ರ್‍ಯಾಟಿಗನ್ ಅವರ ‘ಫ್ಲೇರ್ ಪಾತ್’ ನಾಟಕದಲ್ಲಿ ನಟಿಸಿದರು. ನೌಕಾಪಡೆಯ ನಿಜವಾದ ಅಧಿಕಾರಿಯೊಬ್ಬ ವಾಯುಪಡೆಯ ಬಾಂಬರ್ ಚಾಲಕನ ಪಾತ್ರ ಮಾಡಿದ್ದು ಅದು. ಆ ಚಾಲಕ ಧೈರ್ಯವಂತನಂತೆ ಕಂಡರೂ ಒಳಗೆ ಭಯದಿಂದ ಕುಸಿಯುತ್ತಿರುವವನು. 1942ರ ಡಿಸೆಂಬರಿನ ಕ್ರಿಸ್‌ಮಸ್ ಮುನ್ನಾದಿನಗಳಲ್ಲಿ ತೆರೆದ ಆ ನಾಟಕ 14 ಪ್ರದರ್ಶನಗಳಿಗೇ ಮುಗಿಯಿತು. ಲಂಡನ್ನಿನಲ್ಲಿ ಜನ ಮುಗಿಬಿದ್ದು ನೋಡಿದ ನಾಟಕವನ್ನು ಬಾಂಬಿನ ಸದ್ದು ಕೇಳದ ನಗರ ಒಪ್ಪಲಿಲ್ಲ. ಏಳು ತಿಂಗಳೂ ಕಳೆಯುವ ಮೊದಲು ತಾನೇ ಇಂಥ ಭಯದ ಎದುರು ನಿಲ್ಲಬೇಕಾದ ಮನುಷ್ಯ, ಬಣ್ಣ ಹಚ್ಚಿಕೊಂಡು ಆ ಭಯದ ತಾಲೀಮು ಮಾಡಿದ ಹಾಗೆ ಈ ಭಾಗ ನನಗೆ ಓದಿಸಿಕೊಂಡಿತು.

ಮುಂದಿನ ಪುಟಗಳನ್ನು ಸವಿಯಬೇಕಾದರೆ ಆ ನೌಕೆ ಹೇಗಿತ್ತೆಂದು ಸ್ವಲ್ಪ ತಿಳಿದಿರಬೇಕು. ಸುಮಾರು 48 ಮೀಟರ್ ಉದ್ದದ ಅದರಲ್ಲಿ ಇನ್ನೂರರಷ್ಟು ಸೈನಿಕರು ಹಿಡಿಯುತ್ತಿದ್ದರು, ನಡೆಸುವ ಸಿಬ್ಬಂದಿ ಎರಡು ಡಜನ್‌ಗೆ ಆಚೀಚೆ. ಮುಂಭಾಗದ ಎರಡು ಬದಿಗೂ ಏಣಿಯಂಥ ಹಾಸುಹಲಗೆಗಳಿದ್ದು, ನೌಕೆ ಮರಳಿಗೆ ಮೂತಿ ಊರಿದೊಡನೆ ಅವನ್ನು ಕೆಳಕ್ಕೆ ಚಾಚಿ ಸೈನಿಕರು ಇಳಿಯುತ್ತಿದ್ದರು. ಆಳವಿಲ್ಲದ ನೀರಿನಲ್ಲಿ ದಡ ಮುಟ್ಟಬೇಕಾದುದರಿಂದ ಅದರ ಅಡಿಭಾಗ ಚಪ್ಪಟೆಯಾಗಿತ್ತು, ಅದೇ ಕಾರಣಕ್ಕೆ ತೆರೆದ ಸಮುದ್ರದಲ್ಲಿ ಅದು ತೊಟ್ಟಿಲಿಗಿಂತ ಹೆಚ್ಚು ಹೊಯ್ದಾಡುತ್ತಿತ್ತು. ದಡ ಮುಟ್ಟುವುದಕ್ಕಿಂತ ದಡ ಬಿಟ್ಟು ಬರುವುದೇ ಇಂಥ ನೌಕೆಯ ನಾಯಕನಿಗೆ ಕಷ್ಟದ ಕೆಲಸ. ಅದಕ್ಕಾಗಿ ದಂಡೆಗೆ ಇನ್ನೂ ದೂರವಿರುವಾಗಲೇ ಹಿಂಭಾಗದಿಂದ ಒಂದು ಲಂಗರು ಬಿಟ್ಟು, ಉಕ್ಕಿನ ಹಗ್ಗವನ್ನು ಸಡಿಲಿಸುತ್ತ ಮುಂದೆ ನುಗ್ಗಬೇಕು, ಸೈನಿಕರು ಇಳಿದ ಮೇಲೆ ಅದೇ ಹಗ್ಗವನ್ನು ವಿಂಚ್ ಯಂತ್ರದಿಂದ ಸುತ್ತಿಕೊಂಡು ತನ್ನನ್ನು ತಾನೇ ಹಿಂದಕ್ಕೆ ಎಳೆದುಕೊಳ್ಳಬೇಕು. ಲಂಗರು ಬಿಡುವುದು ಬೇಗವಾದರೆ ಹಗ್ಗ ಸಾಲದು, ತಡವಾದರೆ ಎಳೆತಕ್ಕೆ ಬಲ ಸಿಗದು. ಮೆಡಿಟರೇನಿಯನ್ ಸಮುದ್ರದಲ್ಲಿ ಉಬ್ಬರವಿಳಿತ ಬಹಳ ಕಡಿಮೆ ಇರುವುದರಿಂದ, ಒಮ್ಮೆ ಮರಳಿನಲ್ಲಿ ಹೂತರೆ ಮುಂದಿನ ಉಬ್ಬರ ಬಂದು ಎತ್ತಿಕೊಳ್ಳುತ್ತದೆ ಎಂದು ಕಾಯುವ ಹಾಗೂ ಇಲ್ಲ. ಇಷ್ಟನ್ನೂ ಕತ್ತಲಲ್ಲಿ, ಗುಂಡಿನ ಸದ್ದಿನ ನಡುವೆ ಲೆಕ್ಕಹಾಕಬೇಕಾದವರು ಎರಡು ವರ್ಷಗಳ ಹಿಂದಿನವರೆಗೆ ಸಂಭಾಷಣೆ ಕಂಠಪಾಠ ಮಾಡುತ್ತಿದ್ದ ಒಬ್ಬ ನಟ.

1943ರ ಜುಲೈ 9ರ ರಾತ್ರಿ ಮಿತ್ರರಾಷ್ಟ್ರಗಳ ಸೇನೆ ಸಿಸಿಲಿ ದ್ವೀಪದತ್ತ ಹೊರಟಿತು. ಅಂದು ಮಧ್ಯಾಹ್ನದಿಂದ ಗಾಳಿ ಬಲಿತು ಸಮುದ್ರ ಎದ್ದಿತ್ತು, ಸಣ್ಣ ನೌಕೆಗಳಲ್ಲಿದ್ದ ಸೈನಿಕರು ವಾಂತಿಯಿಂದ ಸೋತಿದ್ದರು. ದ್ವೀಪದ ಆಗ್ನೇಯ ತುದಿಯಾದ ಪಾಸೆರೋ ಭೂಶಿರದ ಬಳಿ ತಮ್ಮ ಪಾಲಿನ ದಂಡೆಗೆ ಗಿನ್ನೆಸ್ ತಮ್ಮ ನೌಕೆಯನ್ನು ಹೇಳಿದ ವೇಳೆಗೆ ಸರಿಯಾಗಿ ಮುಟ್ಟಿಸಿದರು. ಆದರೆ ದಾಳಿಯ ವೇಳೆಯನ್ನು ಒಂದು ತಾಸು ಮುಂದೂಡಿದ ಸಂದೇಶ ಅವರಿಗೆ ತಲುಪಿರಲೇ ಇಲ್ಲ. ಸುತ್ತ ಬೇರೆ ನೌಕೆಗಳಿಲ್ಲ, ಎದುರಿಗೆ ಶತ್ರುವಿನ ನೆಲ, ಅವರೊಬ್ಬರೇ ಮೊದಲು ಬಂದು ನಿಂತಿದ್ದರು. ಆಮೇಲೆ ಬಂದ ಮೇಲಧಿಕಾರಿಯೊಬ್ಬರು ಗಿನ್ನೆಸ್ ಅವರೇ ತಡವಾಗಿ ಬಂದವರೆಂದು ತಪ್ಪು ತಿಳಿದು ಗದರಿಸಿದಾಗ, ಲಂಡನ್ನಿನ ರಂಗಮಂದಿರಗಳಲ್ಲಿ ಎಂಟು ಗಂಟೆಗೆ ತೆರೆ ಏಳುತ್ತದೆಂದು ಪ್ರಕಟಿಸಿದರೆ ಎಂಟು ಗಂಟೆಗೇ ಏಳುತ್ತದೆ, ನೌಕಾಪಡೆಯೂ ಇದನ್ನು ಕಲಿಯಬಹುದು ಎಂಬ ಅರ್ಥದ ಉತ್ತರವನ್ನು ಆ ತರುಣ ಲೆಫ್ಟಿನೆಂಟ್ ಕೊಟ್ಟರಂತೆ.

ಈ ಪ್ರಸಂಗವನ್ನು ಬರಿಯ ಚತುರೋಕ್ತಿಯಾಗಿ ಉದ್ಧರಿಸುವವರು ಬಹಳ ಮಂದಿ. ಹವ್ಯಾಸಿ ರಂಗಭೂಮಿಯಲ್ಲಿ ಇಪ್ಪತ್ತು ವರ್ಷಗಳಿಂದ ಪರದೆಯ ಹಿಂದೆ ಕೆಲಸ ಮಾಡಿದ ನನಗೆ ಅದು ಹಾಗೆ ಕೇಳಿಸಲಿಲ್ಲ. ಮೂರನೇ ಬೆಲ್ ಆದ ಮೇಲೆ ಯಾರ ಮುಲಾಜೂ ಇಲ್ಲ ಎಂಬುದು ನಾಟಕದವರಿಗೆ ಶಿಸ್ತಿನ ಮಾತು ಮಾತ್ರವಲ್ಲ, ಪರಸ್ಪರ ನಂಬಿಕೆಯ ಮಾತು. ಬೆಂಗಳೂರಿನ ರಂಗಶಂಕರದಲ್ಲಿ ನಾಟಕ ಆರಂಭವಾದ ಮೇಲೆ ಬಾಗಿಲು ತೆರೆಯುವುದಿಲ್ಲವೆಂದು ಗೊತ್ತಿರುವ ನಮ್ಮ ಪ್ರೇಕ್ಷಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದೀಪ ಹಾಕುವವನು ತನ್ನ ಕ್ಷಣಕ್ಕೆ ಹಾಕುತ್ತಾನೆಂದು ನಂಬಿಯೇ ನಟ ಕತ್ತಲಲ್ಲಿ ಹೆಜ್ಜೆ ಇಡುತ್ತಾನೆ. ದಡಕ್ಕೇರುವ ನೌಕೆಯ ನಾಯಕನೂ ಹಾಗೆಯೇ, ಹಿಂದಿನ ಯುದ್ಧಹಡಗುಗಳ ಫಿರಂಗಿ ಹೇಳಿದ ನಿಮಿಷಕ್ಕೆ ಆರಂಭವಾಗಿ ಹೇಳಿದ ನಿಮಿಷಕ್ಕೆ ನಿಲ್ಲುತ್ತದೆ ಎಂಬ ನಂಬಿಕೆಯಲ್ಲಿ ಮುಂದೆ ಹೋಗುತ್ತಾನೆ. ಆ ರಾತ್ರಿ ಗಿನ್ನೆಸ್ ತಮ್ಮ ಕಡೆಯ ಮಾತನ್ನು ಉಳಿಸಿಕೊಂಡರು, ಇನ್ನೊಂದು ಕಡೆಯಿಂದ ಬರಬೇಕಾದ ಮಾತು ಬರಲಿಲ್ಲ. ಅವರ ಉತ್ತರದ ಹಿಂದಿದ್ದ ಸಿಟ್ಟು ಇನ್ನೂರು ಜನರ ಪ್ರಾಣವನ್ನು ಕೈಯಲ್ಲಿ ಹಿಡಿದಿದ್ದವನ ಸಿಟ್ಟು ಎಂದೇ ನಾನು ಓದುತ್ತೇನೆ.

ಈ ಪುಸ್ತಕದ ಬಗ್ಗೆ ನನ್ನ ದೊಡ್ಡ ದೂರು ಇರುವುದೂ ಇಲ್ಲಿಯೇ. ಆ ಸೈನಿಕರು ಇಳಿದುಹೋದ ಮೇಲೆ ಏನಾದರು, ಅವರ ಮುಖಗಳು ಹೇಗಿದ್ದವು, ಅಡಿಯ ಅಂಕಣದಲ್ಲಿ ಬೆವರು ವಾಂತಿಗಳ ನಡುವೆ ಅವರು ಏನು ಮಾತಾಡಿಕೊಂಡರು ಎಂಬುದನ್ನು, ಮನುಷ್ಯರನ್ನು ಇಷ್ಟು ಸೂಕ್ಷ್ಮವಾಗಿ ಗಮನಿಸಬಲ್ಲ ಲೇಖಕರು ಬಹಳ ಬೇಗ ದಾಟಿಬಿಡುತ್ತಾರೆ. ನಟಿಯೊಬ್ಬರ ಟೋಪಿಯನ್ನು, ಕವಯಿತ್ರಿಯೊಬ್ಬರ ಉಂಗುರಗಳನ್ನು ವರ್ಣಿಸುವ ತಾಳ್ಮೆಯ ಅರ್ಧದಷ್ಟಾದರೂ ಎಲ್‌ಸಿಐ 124ರ ಸಿಬ್ಬಂದಿಗೆ ಸಿಕ್ಕಿದ್ದರೆ ಎಂದು ಅನ್ನಿಸುತ್ತದೆ. ಭಾರತೀಯ ಓದುಗರಿಗೆ ಇನ್ನೊಂದು ಕೊರತೆಯೂ ಕಾಡಬಹುದು: ಅದೇ ಸಿಸಿಲಿಯ ಕಾರ್ಯಾಚರಣೆಯಲ್ಲಿ ಆಗಿನ ರಾಯಲ್ ಇಂಡಿಯನ್ ನೇವಿಯ ‘ಸಟ್ಲೆಜ್’ ಮತ್ತು ‘ಜಮ್ನಾ’ ಎಂಬ ಎರಡು ಹಡಗುಗಳೂ ಇದ್ದವು. ಗಿನ್ನೆಸ್ ಅವರ ಸಣ್ಣ ನೌಕೆಯಿಂದ ಅವು ಕಾಣಬೇಕೆಂದೇನೂ ಇಲ್ಲ, ಅದಕ್ಕಾಗಿ ಅವರನ್ನು ದೂರುವುದೂ ಸರಿಯಲ್ಲ. ಆದರೆ ಆ ಸಮುದ್ರದಲ್ಲಿ ಆ ರಾತ್ರಿ ನಮ್ಮ ನಾವಿಕರೂ ಇದ್ದರೆಂಬುದು ತಿಳಿದಿದ್ದರೆ ಓದುವ ಕಣ್ಣು ಬೇರೆಯಾಗುತ್ತದೆ.

ಸಿಸಿಲಿಯ ನಂತರ ಅವರ ನೌಕೆ ಏಡ್ರಿಯಾಟಿಕ್ ಸಮುದ್ರಕ್ಕೆ ಹೋಯಿತು. ಇಟಲಿಯ ಪೂರ್ವ ಕರಾವಳಿಯಿಂದ ಎದುರು ದಡದ ಯುಗೊಸ್ಲಾವಿಯಾಕ್ಕೆ, ಜರ್ಮನರ ವಿರುದ್ಧ ಹೋರಾಡುತ್ತಿದ್ದ ಟಿಟೋ ಅವರ ಪಾರ್ಟಿಸಾನ್ ಪಡೆಗಳಿಗೆ, ಸಾಮಗ್ರಿಗಳನ್ನೂ ಗುಪ್ತ ಪ್ರತಿನಿಧಿಗಳನ್ನೂ ಸಾಗಿಸುವ ಕೆಲಸ ಅದು. ಸಿಸಿಲಿಯಲ್ಲಿ ಸಾವಿರಾರು ನೌಕೆಗಳ ನಡುವೆ ಒಂದಾಗಿದ್ದವರು ಇಲ್ಲಿ ಬಹುತೇಕ ಒಂಟಿ. ಅದೇ ಕರಾವಳಿಯಲ್ಲಿ, ಅದೇ ಚಳಿಗಾಲದಲ್ಲಿ, 8ನೇ ಭಾರತೀಯ ಡಿವಿಷನ್ನಿನ ಸೈನಿಕರು ಸಾಂಗ್ರೋ ನದಿಯ ಕೆಸರಿನಲ್ಲಿ ಹೋರಾಡುತ್ತಿದ್ದರು ಎಂಬುದನ್ನು ನಕ್ಷೆ ತೆರೆದಿಟ್ಟುಕೊಂಡು ಓದುವವರು ಗುರುತಿಸಿಕೊಳ್ಳಬಹುದು.

1943ರ ಕೊನೆಯ ರಾತ್ರಿಯ ವರ್ಣನೆ ಇಡೀ ಪುಸ್ತಕದಲ್ಲೇ ನನ್ನನ್ನು ಹೆಚ್ಚು ಕಾಲ ಹಿಡಿದು ನಿಲ್ಲಿಸಿದ ಭಾಗ. ತಮ್ಮ ಕ್ಯಾಬಿನ್ನಿನಲ್ಲಿ ಒಬ್ಬರೇ ಇದ್ದಾಗ, ‘ನಾಳೆ’ ಎಂಬ ಒಂದೇ ಶಬ್ದವನ್ನು ಯಾರೋ ಕೇಡಿನ ದನಿಯಲ್ಲಿ ಉಚ್ಚರಿಸಿದಂತೆ ಅವರಿಗೆ ಕೇಳಿಸಿತು. ತಾನು ಸಾಯಲಿದ್ದೇನೆಂದೇ ಅವರು ಅರ್ಥಮಾಡಿಕೊಂಡರು. ಮರುದಿನದ ಪಯಣದಲ್ಲಿ ಏಡ್ರಿಯಾಟಿಕ್ ಸಮುದ್ರದ ಆ ಭಾಗದಲ್ಲಿ ಅಪರೂಪವಾದಂಥ ಚಂಡಮಾರುತ ಅವರನ್ನು ಸುತ್ತಿಕೊಂಡಿತು. ಚಪ್ಪಟೆ ಅಡಿಯ ನೌಕೆಗೆ ಗಾಳಿ ಬದಿಯಿಂದ ಬಡಿದರೆ ಚುಕ್ಕಾಣಿ ಹಿಡಿತಕ್ಕೆ ಸಿಗುವುದಿಲ್ಲ, ಎಂಜಿನ್ನು ಎಷ್ಟೇ ದುಡಿದರೂ ನೌಕೆ ತೇಲುವ ಹಲಗೆಯಂತಾಗುತ್ತದೆ. ಕೊನೆಗೆ ಇಟಲಿಯ ಟರ್ಮೋಲಿ ಎಂಬ ಸಣ್ಣ ಬಂದರನ್ನು ಹೇಗೋ ಮುಟ್ಟಿದರೂ ನೌಕೆ ಅಲ್ಲಿ ಒಡೆದು ನಾಶವಾಯಿತು. ಮೂರು ತಿಂಗಳ ಹಿಂದೆ, ಅಕ್ಟೋಬರಿನಲ್ಲಿ, ಬ್ರಿಟಿಷ್ ಕಮಾಂಡೋಗಳು ಸಮುದ್ರದಿಂದಲೇ ಬಂದಿಳಿದು ಗೆದ್ದುಕೊಂಡ ಬಂದರು ಅದು. ಆ ದನಿ ಎಲ್ಲಿಂದ ಬಂತೆಂದು ಲೇಖಕರು ವಾದಿಸಲು ಹೋಗುವುದಿಲ್ಲ, ಕೇಳಿದ್ದನ್ನು ಕೇಳಿದಂತೆ ಇಡುತ್ತಾರೆ. ಮುಂದೆ 1956ರಲ್ಲಿ ಕ್ಯಾಥೊಲಿಕ್ ಮತಕ್ಕೆ ಸೇರಿದ ಮನುಷ್ಯನ ಬರಹ ಇದೆಂಬುದನ್ನು ಮರೆಯದೆ ಓದಿದರೂ, ದಣಿವಿನಿಂದ ಕಿವಿ ಮೋಸಹೋಗಿರಬಹುದೆಂದು ಯೋಚಿಸಿದರೂ, ಆ ಪುಟದ ಚಳಿ ಕಡಿಮೆಯಾಗುವುದಿಲ್ಲ. ನಾಯಕನಾದವನಿಗೆ ತನ್ನ ನೌಕೆ ಕಣ್ಣೆದುರೇ ಒಡೆಯುವುದನ್ನು ನೋಡುವ ನೋವನ್ನು ಅವರು ದೊಡ್ಡ ಶಬ್ದಗಳಿಲ್ಲದೆ ದಾಟಿಸಿದ್ದಾರೆ. ಸಿಸಿಲಿಯ ಭಾಗದಲ್ಲಿ ನನಗೆ ಕೊರತೆಯೆನಿಸಿದ ಮಿತವ್ಯಯ ಇಲ್ಲಿ ಶಕ್ತಿಯಾಗಿದೆ.

ಯುದ್ಧಕಾಲದಲ್ಲಿ ನೌಕಾಪಡೆಯ ಅಧಿಕಾರಿಗಳಾಗಿದ್ದ ನಟರು ಇನ್ನೂ ಹಲವರಿದ್ದಾರೆ. ಅಮೆರಿಕದ ಡಗ್ಲಸ್ ಫೇರ್‌ಬ್ಯಾಂಕ್ಸ್ ಜೂನಿಯರ್ ಶತ್ರುವನ್ನು ದಿಕ್ಕುತಪ್ಪಿಸುವ ವಿಶೇಷ ದಳಗಳನ್ನು ಕಟ್ಟುವುದರಲ್ಲಿ ಹೆಸರಾದರು, ರಾಬರ್ಟ್ ಮಾಂಟ್ಗೊಮರಿ ಟಾರ್ಪಿಡೊ ದೋಣಿಗಳಲ್ಲಿ ದುಡಿದರು, ಬ್ರಿಟನ್ನಿನ ಕೆನೆತ್ ಮೋರ್ ಕೂಡ ಇದೇ ಅಲೆಪಟ್ಟಿಯ ಲೆಫ್ಟಿನೆಂಟ್. ಅವರಲ್ಲಿ ಗಿನ್ನೆಸ್ ಬೇರೆಯಾಗಿ ಕಾಣುವುದಕ್ಕೆ ಕಾರಣ ಪದಕಗಳಲ್ಲ. ಯುದ್ಧಕ್ಕೆ ಹೋಗುವಾಗ ಅವರು ಚಿತ್ರರಂಗದ ತಾರೆಯಾಗಿರಲೇ ಇಲ್ಲ, ಅಲ್ಲಿಂದ ಬಂದ ಮೇಲೆ ಡೇವಿಡ್ ಲೀನ್ ಅವರ 1946ರ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಚಿತ್ರದಿಂದ ಅವರ ತೆರೆಯ ಬದುಕು ನಿಜವಾಗಿ ತೊಡಗಿತು. ಆದ್ದರಿಂದ ಅವರ ಅಭಿನಯದಲ್ಲಿ ನಾವು ಮೆಚ್ಚುವ ಎಲ್ಲವೂ ಸಮುದ್ರ ಕಂಡು ಬಂದ ಮನುಷ್ಯನದು. 1953ರ ‘ದ ಕ್ಯಾಪ್ಟನ್ಸ್ ಪ್ಯಾರಡೈಸ್’, 1957ರ ‘ಬಾರ್ನಕಲ್ ಬಿಲ್’, 1962ರ ‘ಎಚ್‌ಎಂಎಸ್ ಡಿಫಾಯಂಟ್’ ಚಿತ್ರಗಳಲ್ಲಿ ಅವರು ಹಡಗಿನ ಕಪ್ತಾನರಾಗಿಯೇ ಬರುತ್ತಾರೆ. ಇವುಗಳಲ್ಲಿ ನಡುವಿನದು ಸಮುದ್ರದ ಮೇಲೆ ಹೋದರೆ ಸಾಕು ವಾಂತಿ ಮಾಡಿಕೊಳ್ಳುವ ನೌಕಾಧಿಕಾರಿಯ ಕಥೆ. ಆತ್ಮಕಥನ ಓದಿದ ಮೇಲೆ ಆ ಹಾಸ್ಯಚಿತ್ರವನ್ನು ಮತ್ತೆ ನೋಡಿದಾಗ, ಆ ಮುಖದ ಬಿಳಿಚಿಕೆಯಲ್ಲಿ ಸಿಸಿಲಿಗೆ ಹೊರಟ ರಾತ್ರಿಯ ಇನ್ನೂರು ಮುಖಗಳನ್ನು ಅವರು ನೆನೆದಿರಬೇಕೆಂದು ನನಗೆ ತೋರಿತು. ಕರ್ನಲ್ ನಿಕಲ್ಸನ್ ವಿಷಯವೂ ಹಾಗೆಯೇ. ಆದೇಶ, ವೇಳೆ, ಕೆಲಸದ ಅಚ್ಚುಕಟ್ಟು ಇವುಗಳಿಗೆ ಅಂಟಿಕೊಂಡು ತನ್ನ ಜನರನ್ನು ಉಳಿಸಲು ಹೊರಟು, ಅದೇ ಅಂಟಿನಲ್ಲಿ ದಾರಿ ತಪ್ಪುವ ಅಧಿಕಾರಿಯನ್ನು ಅಷ್ಟು ಒಳಗಿನಿಂದ ಅಭಿನಯಿಸಲು ಅಂಥ ಅಧಿಕಾರಿಗಳ ಜೊತೆ ಉಂಡು ಮಲಗಿದ ಅನುಭವ ನೆರವಾಗಿರಲೇಬೇಕು. ಆ ಪಾತ್ರ ಅವರಿಗೆ ಆಸ್ಕರ್ ತಂದಿತು.

ಕೊಳ್ಳುವವರಿಗೆ ಕೆಲವು ಮಾತು. ನಾನು ಮೊದಲು ಆನ್‌ಲೈನ್ ಮಾರಾಟಗಾರರೊಬ್ಬರಿಂದ ತರಿಸಿದ ಹಳೆಯ ಪೇಪರ್‌ಬ್ಯಾಕ್ ಪ್ರತಿ ಒಳ್ಳೆಯ ಸ್ಥಿತಿಯಲ್ಲಿದೆ ಎಂಬ ವಿವರಣೆಯೊಂದಿಗೆ ಬಂದಿತ್ತು, ಬೆನ್ನಿನ ಅಂಟು ಒಣಗಿ ಮಧ್ಯದ ಹಾಳೆಗಳು ಬಿಡಿಯಾಗಿ ಕೈಗೆ ಬಂದವು. ಬಿಟ್ಟುಹೋದ ಹಾಳೆಗಳಲ್ಲಿ ಯುದ್ಧದ ಭಾಗವೂ ಸೇರಿದ್ದುದರಿಂದ ಎರಡನೆಯ ಪ್ರತಿಗಾಗಿ ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಹಳೆಯ ಪುಸ್ತಕದಂಗಡಿಗಳನ್ನು ತಿರುಗಿ, ಗಟ್ಟಿ ರಟ್ಟಿನ ಪ್ರತಿಯೊಂದನ್ನು ಕೊಂಡೆ. ಸಾಧ್ಯವಿದ್ದವರು ಗಟ್ಟಿ ರಟ್ಟಿನದನ್ನೇ ಹುಡುಕಿ, ಹಣ ಕೊಡುವ ಮೊದಲು ಹಾಳೆ ತಿರುವಿ ನೋಡಿ. ಭಾಷೆ ಕಠಿಣವಲ್ಲ, ಆದರೆ 1930ರ ದಶಕದ ಲಂಡನ್ ರಂಗಭೂಮಿಯ ಹೆಸರುಗಳು ಗುಂಪಾಗಿ ಬರುತ್ತವೆ. ಅವು ಪರಿಚಯವಿಲ್ಲದವರು ಬಾಲ್ಯದ ಭಾಗವನ್ನು ಓದಿ, ಅಲ್ಲಿಂದ ನೇರವಾಗಿ ನೌಕಾಪಡೆಯ ಪುಟಗಳಿಗೆ ಹೋಗಿ, ಉಳಿದ ವ್ಯಕ್ತಿಚಿತ್ರಗಳಿಗೆ ಆಮೇಲೆ ಮರಳಿದರೆ ಒಳ್ಳೆಯದೆಂದು ನನ್ನ ಅನುಭವ. ಯುದ್ಧತಂತ್ರದ ವಿವರ, ಪಡೆಗಳ ಸಂಖ್ಯೆ, ದಿನಾಂಕಗಳ ಜಾಡು ಬೇಕೆನ್ನುವವರಿಗೆ ಇದು ಸಾಲದು. ಅವರಿಗೆ 2003ರಲ್ಲಿ ಬಂದ ಅಧಿಕೃತ ಜೀವನಚರಿತ್ರೆ ಹೆಚ್ಚು ಉಪಯುಕ್ತ, ಏಕೆಂದರೆ ಅದರಲ್ಲಿ ಯುದ್ಧಕಾಲದಲ್ಲಿ ಅವರು ಹೆಂಡತಿ ಮೆರುಲಾ ಅವರಿಗೆ ಬರೆದ ಪತ್ರಗಳನ್ನು ಬಳಸಿಕೊಂಡಿದ್ದಾರೆ.

ರಂಗಭೂಮಿಯಲ್ಲಿ ಇರುವವರಿಗೆ ಮಾತ್ರ ನಾನು ಈ ಪುಸ್ತಕವನ್ನು ಯಾವ ಹಿಂಜರಿಕೆಯೂ ಇಲ್ಲದೆ ಹೇಳುತ್ತೇನೆ, ಅದರಲ್ಲೂ ರಂಗಸಜ್ಜಿಕೆ, ಬೆಳಕು, ಪ್ರಸಾಧನದಂಥ ಪರದೆಯ ಹಿಂದಿನ ಕೆಲಸದಲ್ಲಿರುವವರಿಗೆ. ನಮ್ಮ ತಂಡದ ಹುಡುಗರಿಗೆ ಸಿಸಿಲಿಯ ಭಾಗವನ್ನು ಕನ್ನಡದಲ್ಲಿ ಓದಿಹೇಳಿದ ದಿನ, ಬೆಳಕಿನ ಹಲಗೆ ನೋಡಿಕೊಳ್ಳುವ ಹುಡುಗ ಕೇಳಿದ ಮೊದಲ ಪ್ರಶ್ನೆ, ವೇಳೆ ಬದಲಾದ ಸಂದೇಶವನ್ನು ಅವರಿಗೆ ಮುಟ್ಟಿಸಬೇಕಾಗಿದ್ದವರು ಯಾರು ಎಂಬುದಾಗಿತ್ತು.